ಎಂಟು ಮಾರು, ಕತ್ತಲು, ನೀರು ತಣ್ಣಗೆ

ನನ್ನ ಬರೆಯುವ ಮೇಜಿನ ಬಲತುದಿಯಲ್ಲಿ, ಪೆನ್ಸಿಲ್ಲುಗಳ ಡಬ್ಬಿಗೂ ಗೋಡೆಗೂ ನಡುವಿನ ಗೇಣಗಲ ಜಾಗದಲ್ಲಿ, ಕಾಫಿಪುಡಿಯ ಹಳೆಯ ಗಾಜಿನ ಬಾಟಲಿಯೊಂದು ಕೂತಿದೆ. ಅದರಲ್ಲಿ ಕಾಫಿಪುಡಿ ಇಲ್ಲ. ಮುಕ್ಕಾಲು ಪಾಲು ತಿಳಿನೀರಿನಂಥ ದ್ರವ, ತಳದಲ್ಲಿ ಬೆರಳು ದಪ್ಪದ ಬಿಳಿಚಿದ ಗಸಿ, ಒಳಗಿನಿಂದ ಗಾಜಿಗೆ ಒರಗಿಕೊಂಡ ಒಂದು ಚೀಟಿ. ಮುಚ್ಚಳದ ಸುತ್ತ ಮೇಣ ಹಚ್ಚಿದೆ. ಮನೆಗೆ ಬಂದವರು ಅದನ್ನು ಕಂಡು ಗಂಗಾಜಲವೇ, ಯಾವುದೋ ಲೇಹ್ಯವೇ, ಕೆಟ್ಟುಹೋದ ಎಳನೀರೇ ಎಂದು ಊಹೆ ಮಾಡುತ್ತಾರೆ. ನನ್ನ ಹೆಂಡತಿ ಸುಶೀಲಾ ಇಂಥದೊಂದು ಬಾಟಲಿಯನ್ನು ಮೊದಲ ಸಲ ಕಂಡಾಗ, "ಯಾರ್ರೀ ಇದು, ಸಾಬೂದಾಣಿ ನೆನಿ ಹಾಕಿ ಮರ್ತು ಹೋಗ್ಯಾರ?" ಎಂದು ಕೇಳಿದ್ದಳು. ಎಲ್ಲರ ಊಹೆಗಿಂತ ಅವಳದೇ ನಿಜಕ್ಕೆ ಹತ್ತಿರ. ತಳದಲ್ಲಿರುವುದು ಆಹಾರವೇ ಹೌದು. ನಮ್ಮದಲ್ಲ, ಬಂಗುಡೆ ಮತ್ತು ತಾರ್ಲೆ ಮೀನುಗಳದು. ಅರಬ್ಬೀ ಸಮುದ್ರದ ಪ್ರಾಣಿಪ್ಲವಕಗಳವು, ಅಂದರೆ ನೀರಿನ ಹರಿವಿಗೆ ಎದುರಾಗಿ ಈಜಲಾರದೆ ಅದರ ಜೊತೆ ತೇಲಿಕೊಂಡೇ ಬಾಳು ಮುಗಿಸುವ ಸಣ್ಣ ಸಣ್ಣ ಜೀವಿಗಳು.

ಸಮುದ್ರಕ್ಕೆ ನೂರಾರು ಮೈಲಿ ದೂರದ ಈ ಬಂಡೆಗಳ ಊರಲ್ಲಿ, ಆಯುಷ್ಯವೆಲ್ಲ ಪತ್ರಿಕೆಯ ಡೆಸ್ಕಿನಲ್ಲಿ ಕಳೆದ ನನ್ನ ಮೇಜಿನ ಮೇಲೆ ಅವಕ್ಕೇನು ಕೆಲಸ ಎಂದು ನೀವು ಕೇಳಬಹುದು. ಕೇಳಿ. ಉತ್ತರ ಸ್ವಲ್ಪ ಉದ್ದವಿದೆ, ಮತ್ತು ಅದರಲ್ಲಿ ತಪ್ಪು ನನ್ನದು.

ಇಪ್ಪತ್ತು ವರ್ಷಕ್ಕೂ ಹಿಂದೆ ನಾವು ಇದೇ ದಿಲ್‌ಸುಖ್‌ನಗರದ ಒಂದು ಗಲ್ಲಿಯಲ್ಲಿ, ಮಾಲೀಕರು ಬೇರೆಡೆ ಇದ್ದ ಮನೆಯ ಕೆಳಗಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದೆವು. ಈಗ ಮೆಟ್ರೊ ಕಂಬಗಳ ನೆರಳು ಬೀಳುವ ಆ ಹೆದ್ದಾರಿಯ ಮೇಲೆ ಆಗ ಬೀಳುತ್ತಿದ್ದುದು ಬ್ಯಾನರುಗಳ ನೆರಳು. ಕಂಪ್ಯೂಟರ್ ಕಲಿಸುವ ಕೋಚಿಂಗ್ ಸೆಂಟರುಗಳು ಒಂದರ ಹೆಗಲ ಮೇಲೊಂದು ಹತ್ತಿ ಕೂತಿದ್ದವು. ನಮ್ಮ ಗಲ್ಲಿಯ ಮೂಲೆಯಲ್ಲಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಬೋರ್ಡು ನನ್ನ ಕಣ್ಣೆದುರೇ ಮೂರು ಸಲ ಬದಲಾಯಿತು: ಶಾರ್ಟ್‌ಹ್ಯಾಂಡ್ ಹೋಗಿ ಕಂಪ್ಯೂಟರ್ ಬಂತು, ಕಂಪ್ಯೂಟರ್ ಹೋಗಿ ಜಾವಾ ಬಂತು, ಕೊನೆಗೆ ಜಾವಾದ ಮೇಲೆ ಟೆಸ್ಟಿಂಗ್ ಎಂಬ ಹೊಸ ಹೆಸರು ಏರಿತು, ಒಳಗಿನ ಮರದ ಬೆಂಚುಗಳು ಮಾತ್ರ ಅವೇ. ಎದುರು ಮನೆಯ ಮಾಳಿಗೆಯಲ್ಲಿ ನಾಲ್ಕು ಹುಡುಗರಿದ್ದರು, ಇಬ್ಬರು ಮೈಸೂರಿನವರು, ಇಬ್ಬರು ಗುಂಟೂರಿನವರು. ಅಮೆರಿಕದ ಹಗಲಿಗೆ ಹೊಂದಿಕೊಂಡು ದುಡಿಯುವವರಾದ್ದರಿಂದ ಸಂಜೆಯಾದರೆ ಕಂಪನಿಯ ಸುಮೋ ಹತ್ತಿ ಹೋಗುತ್ತಿದ್ದರು, ಹಾಲಿನವನು ಬರುವ ಹೊತ್ತಿಗೆ ತಿರುಗಿ ಬಂದು ಮಲಗುತ್ತಿದ್ದರು. ಬೆಳಕು ಬರದಿರಲೆಂದು ಕಿಟಕಿಯ ಗಾಜಿಗೆಲ್ಲ ದಿನಪತ್ರಿಕೆ ಅಂಟಿಸಿದ್ದರು. ಅದು ನಾನು ಕೆಲಸ ಮಾಡುತ್ತಿದ್ದ ಪತ್ರಿಕೆ. ಒಂದೊಂದು ಶೀರ್ಷಿಕೆಯನ್ನೂ ಅಳೆದು ತೂಗಿ ಕೂರಿಸಿದ ಪುಟಗಳು ಆ ಮನೆಯಲ್ಲಿ ಕತ್ತಲೆ ಮಾಡುವುದಕ್ಕೆ ಬಳಕೆಯಾಗುತ್ತಿದ್ದುದನ್ನು ನಾನು ದಿನವೂ ಬೆಳಿಗ್ಗೆ ಹಲ್ಲುಜ್ಜುತ್ತ ನೋಡುತ್ತಿದ್ದೆ.

ನಮ್ಮ ಮೇಲಿನ ಒಂಟಿ ಕೋಣೆಗೆ ಬಂದವಳು ವೇಣಿ. ಪೂರ್ತಿ ಹೆಸರು ನಾಗವೇಣಿ, ಕಾರವಾರದ ಕಡೆಯ ಮೀನುಗಾರರ ಮನೆಯ ಹುಡುಗಿ, ಆಗ ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು. ಸಮುದ್ರವಿಲ್ಲದ ಈ ಊರಲ್ಲಿ ಸಮುದ್ರದ ಒಂದು ಕಚೇರಿ ಇದೆ. ಆಕಾಶದಲ್ಲಿ ಸುತ್ತುವ ಉಪಗ್ರಹ ಕಡಲಿನ ಬಣ್ಣವನ್ನೂ ಬಿಸಿಯನ್ನೂ ನೋಡಿ ಕಳಿಸುವುದನ್ನು ಅಲ್ಲಿ ಓದುತ್ತಾರೆ. ಮೇಲಿನಿಂದ ಕಂಡದ್ದಕ್ಕೂ ನೀರಿನೊಳಗೆ ಇರುವುದಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುವ ಎರಡು ವರ್ಷದ ಗುತ್ತಿಗೆ ಕೆಲಸ ಅವಳದು. ವರದಿ ಒಪ್ಪಿಗೆಯಾದರೆ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಇಲ್ಲದಿದ್ದರೆ ಟೆಸ್ಟಿಂಗ್ ಕೋರ್ಸಿಗೆ ಸೇರುತ್ತೇನೆ ಎಂದು ಅವಳು ಅಣ್ಣನಿಗೆ ಮಾತು ಕೊಟ್ಟಿದ್ದಳು. "ಇಡೀ ಊರೇ ಅದನ್ನ ಕಲೀತಿದೆ, ನೀನೊಬ್ಬಳು ನುಸಿ ಎಣಿಸ್ತಾ ಕೂತಿದ್ದೀಯಲ್ಲ" ಎಂಬುದು ಅಣ್ಣನ ವಾದವಂತೆ. ಅದನ್ನು ಹೇಳಿ ಅವಳೇ ನಗುತ್ತಿದ್ದಳು. ಆದರೆ ಮೂಲೆಯ ಬೋರ್ಡಿನ ಕೆಳಗೆ ಹಾದುಹೋಗುವಾಗ ಮುಖ ಆಚೆ ತಿರುಗಿಸುತ್ತಿದ್ದಳು.

ಅವಳ ಬಾಟಲಿಗಳು ಬಂದದ್ದು ಮೀನಿನ ಥರ್ಮೊಕೋಲ್ ಪೆಟ್ಟಿಗೆಗಳಲ್ಲಿ. ಕಾಫಿಪುಡಿಯವು, ಜಾಮಿನವು, ಉಪ್ಪಿನಕಾಯಿಯವು, ಸಿಕ್ಕಿದ ಗಾತ್ರದವು. ತುಂಬಿ ಕಳಿಸಿದವನು ಅವಳ ಅಪ್ಪ ಪುರುಸಣ್ಣ. ಅವಳು ತೆಳುಬಟ್ಟೆಯಲ್ಲಿ ಹೊಲಿದು ಕೊಟ್ಟಿದ್ದ ಸೋರೆಬುರುಡೆಯಂಥ ಬಲೆಯನ್ನು ಆತ ತನ್ನ ದೋಣಿಯ ಹಿಂದೆ ಕಟ್ಟಿಕೊಂಡು, ಗೊತ್ತುಮಾಡಿದ ಜಾಗದಲ್ಲಿ, ಗೊತ್ತುಮಾಡಿದ ದಿನಗಳಲ್ಲಿ, ಬೆಳಕಿದ್ದಾಗ ಒಂದು ಸಲ, ಕತ್ತಲಾದ ಮೇಲೆ ಒಂದು ಸಲ ಮೇಲ್ನೀರಿನಲ್ಲಿ ಎಳೆಯುತ್ತಿದ್ದ. ಬಲೆಯ ತುದಿಯಲ್ಲಿ ಕೂಡಿದ್ದನ್ನು ಬಾಟಲಿಗೆ ಸುರಿದು, ಕೆಡದಂತೆ ಫಾರ್ಮಲಿನ್ ಹಾಕಿ, ಒಂದು ಚೀಟಿ ಬರೆದು ಬಾಟಲಿಯ ಒಳಗೇ ಬಿಡುತ್ತಿದ್ದ. ಚೀಟಿ ಒಳಗೇ ಇರಬೇಕು, ಪೆನ್ಸಿಲಿನಲ್ಲೇ ಬರೆಯಬೇಕು; ಇದು ಆ ಕಸುಬಿನ ಕಟ್ಟುನಿಟ್ಟು. ಹೊರಗೆ ಅಂಟಿಸಿದ್ದು ಉದುರುತ್ತದೆ, ಶಾಯಿ ಕರಗುತ್ತದೆ, ಪೆನ್ಸಿಲಿನ ಸೀಸ ಮಾತ್ರ ನೂರು ವರ್ಷ ನೀರಲ್ಲಿದ್ದರೂ ಹಾಗೇ ಇರುತ್ತದೆ ಎಂದು ವೇಣಿ ಹೇಳಿದಾಗ, ಪೆನ್ಸಿಲಿನವನೇ ಆದ ನನಗೆ ಹೆಮ್ಮೆಯಾಗಿತ್ತು.

ಕಚೇರಿಯಲ್ಲಿ ಅವಳಿಗಿದ್ದುದು ಅರ್ಧ ಮೇಜು. ಹಾಗಾಗಿ ಭಾನುವಾರ ಬೆಳಿಗ್ಗೆ ನಮ್ಮ ತಾರಸಿಯ ಮೇಲೆ, ಗಾಳಿಗೆ ಬೆನ್ನು ಮಾಡಿ ಕೂತು, ಕಣ್ಣುರಿಸುವ ಆ ವಾಸನೆಯ ನಡುವೆ, ನಾನಾ ನಮೂನೆಯ ಬಾಟಲಿಗಳಿಂದ ಕಚೇರಿಯ ಒಂದೇ ಅಳತೆಯ ಬಾಟಲಿಗಳಿಗೆ ಆ ಜೀವಿಗಳನ್ನು ವರ್ಗಾಯಿಸುತ್ತಿದ್ದಳು. ನಾನು ಚಹಾ ಹಿಡಿದು ಏಣಿಯ ಮೇಲಿನ ಮೆಟ್ಟಿಲಲ್ಲಿ ಕೂರುತ್ತಿದ್ದೆ. ಒಮ್ಮೆ ಕಚೇರಿಯಿಂದ ಸೂಕ್ಷ್ಮದರ್ಶಕ ತಂದಾಗ ನನಗೂ ಸುಶೀಲಾಗೂ ತೋರಿಸಿದಳು. ಗಸಿ ಎಂದುಕೊಂಡದ್ದು ಗಸಿಯಾಗಿರಲಿಲ್ಲ. ಗಾಜಿನಲ್ಲಿ ಕಡೆದಿಟ್ಟಂಥ ಮೈಗಳು. ಹರಳಿನ ಚೂರಿಗೆ ಹುಟ್ಟು ಹಾಕುವ ಕಾಲು ಜೋಡಿಸಿದಂಥವು, ಬಾಣದಂತೆ ನೆಟ್ಟಗಿನ ಹುಳುಗಳು, ದಾರದೆಳೆಗೆ ಕಣ್ಣು ಅಂಟಿಸಿದಂಥ ಸೀಗಡಿಗಳು. ಸುಶೀಲಾ ಕಣ್ಣು ತೆಗೆಯಲೇ ಇಲ್ಲ. "ಇಷ್ಟ್ ಚಂದ ಮಾಡಿ ಇವನ್ನ ಯಾರಿಗೆ ತೋರಸಾಕ್ ಇಟ್ಟಿದ್ದ ದೇವ್ರು?" ಎಂದಳು.

"ಮೀನಿಗೆ ಕಾಕು" ಎಂದಳು ವೇಣಿ. ನಮ್ಮನ್ನು ಅವಳು ಕರೆಯುತ್ತಿದ್ದುದು ಕಾಕಾ, ಕಾಕು ಎಂದೇ.

ಆ ಭಾನುವಾರಗಳಲ್ಲಿ ನಾನು ಕಲಿತದ್ದಿಷ್ಟು. ನೀರು ಒಂದೇ ಕಂಡರೂ ಒಂದೇ ಅಲ್ಲ. ಮಳೆಗಾಲದಲ್ಲಿ ಕಾಳಿ ನದಿ ತಂದು ಸುರಿಯುವ ಸಿಹಿನೀರು ಕಡಲಿನ ಮೇಲೆ ಹೊದಿಕೆಯಂತೆ ಹರಡಿದಾಗ ಉಪ್ಪು ಕಡಿಮೆಯಾದರೂ ತಾಳಿಕೊಳ್ಳುವ ಕೆಲವೇ ಜಾತಿಗಳು ಮೆರೆಯುತ್ತವೆ, ಉಳಿದವು ಆಚೆಗೆ ಸರಿಯುತ್ತವೆ. ಶ್ರಾವಣ ಭಾದ್ರಪದದ ಹೊತ್ತಿಗೆ ಆಳದ ತಣ್ಣೀರು ದಂಡೆಯ ಕಡೆ ಏರಿಬರುವುದುಂಟು. ಅದರಲ್ಲಿ ಉಸಿರು ಕಡಿಮೆ, ಗೊಬ್ಬರ ಹೆಚ್ಚು; ನೀರು ಹಸಿರಾಗುತ್ತದೆ, ಹಸಿರನ್ನು ಮೇಯುವವು ಹಿಂಡುಹಿಂಡಾಗುತ್ತವೆ, ಆ ಹಿಂಡನ್ನು ಹುಡುಕಿ ಮೀನು ಬರುತ್ತದೆ. ನವರಾತ್ರಿ ಕಳೆದು ನೀರು ತಿಳಿಯಾಗಿ ಉಪ್ಪೇರಿದಾಗ ಬೇರೆಯದೇ ಸಂಸಾರ. ಇವೆಲ್ಲಕ್ಕಿಂತ ದೊಡ್ಡದು ಬೆಳಕು. ಹಗಲು ಮೀನಿನ ಕಣ್ಣಿಗೆ ಬೀಳಬಾರದೆಂದು ಆಳದಲ್ಲಿರುವವು ಕತ್ತಲಾದೊಡನೆ ಮೇಯಲು ಮೇಲೇರುತ್ತವೆ, ಬೆಳಗಿಗೆ ಮುಂಚೆ ಇಳಿಯುತ್ತವೆ. ಲೋಕದ ಎಲ್ಲ ಸಮುದ್ರಗಳಲ್ಲೂ, ಪ್ರತಿ ದಿನವೂ. ಮುಂದಕ್ಕೋ ಹಿಂದಕ್ಕೋ ಹೋಗುವುದು ಅವುಗಳ ಕೈಯಲ್ಲಿಲ್ಲ, ಅದನ್ನು ಹರಿವು ನಿರ್ಧರಿಸುತ್ತದೆ. ಆದರೆ ಮೇಲಿನ ನೀರು ಒಂದು ಕಡೆ ಹರಿದರೆ ಕೆಳಗಿನದು ಇನ್ನೊಂದು ಕಡೆ ಹರಿಯುವುದುಂಟು. ಎಷ್ಟು ಆಳದಲ್ಲಿ ಇರಬೇಕೆಂಬುದನ್ನು ಮಾತ್ರ ಅವು ತಾವೇ ಆರಿಸಿಕೊಳ್ಳುತ್ತವೆ.

ನಾನು ಎದುರು ಮಾಳಿಗೆಯ ಪತ್ರಿಕೆ ಹೊದ್ದ ಕಿಟಕಿಯ ಕಡೆ ಕೈ ತೋರಿಸಿ, "ಹಾಗಾದರೆ ಅವರೂ ಇದೇ ಕುಲದವರು" ಎಂದೆ. ವೇಣಿ ಅಲ್ಲವೆಂದು ತಲೆಯಾಡಿಸಿದಳು. "ಹೋಲಿಸಬೇಡಿ ಕಾಕಾ. ಇವು ಯಾರ ಮೇಲೂ ದೂರು ಹೇಳೂದಿಲ್ಲ." ಉಪಮೆಗಳ ವಿಷಯದಲ್ಲಿ ನಾನೂ ಎಚ್ಚರದವನೇ, ಆ ಮಾತನ್ನು ಅಲ್ಲಿಗೆ ಬಿಟ್ಟೆ.

ಎಚ್ಚರದವನು ಎಂದೆ. ಅದರ ಬಗ್ಗೆ ಒಂದು ಮಾತು ಹೇಳಲೇಬೇಕು. ರಾಯಚೂರಿನಿಂದ ಬಂದು ಡೆಸ್ಕಿಗೆ ಸೇರಿದ ಮೊದಲ ವಾರ ನನ್ನ ಮೇಲಿನವರು ನಾನು ತಿದ್ದಿದ ಸುದ್ದಿಯನ್ನು ಕೈಗೆತ್ತಿಕೊಂಡು, "ಭೀಕರ", "ಹೃದಯವಿದ್ರಾವಕ", "ಕೊರೆಯುವ ಚಳಿಯಲ್ಲಿ" ಎಂಬವುಗಳ ಮೇಲೆ ಗೆರೆ ಎಳೆದು, ಕಂಡದ್ದು ಇಡು, ಅನಿಸಿದ್ದು ತೆಗೆ, ಎಂದಿದ್ದರು. ಅಂದಿನಿಂದ ಅದೇ ನನ್ನ ಧರ್ಮ. ಈ ನಗರ ಉಬ್ಬುತ್ತಿದ್ದ ಆ ವರ್ಷಗಳ ಸುದ್ದಿಯೆಲ್ಲ ನನ್ನ ಪೆನ್ಸಿಲಿನ ಅಡಿಯಲ್ಲೇ ಹಾದುಹೋಗಿದೆ: ಯಾವ ಕಂಪನಿ, ಎಷ್ಟು ಎಕರೆ, ಎಷ್ಟು ಕುರ್ಚಿ. ಮಾತಿಗೆ ಬಣ್ಣ ಕಟ್ಟುವ ಎಳೆಯ ವರದಿಗಾರರು ನನಗೆ ಹೆದರುತ್ತಿದ್ದರು. ನನ್ನ ಕತ್ತರಿಗೆ ಸಿಕ್ಕ ಸುದ್ದಿ ಮೂಳೆಯಷ್ಟೇ ಉಳಿದು ಬರುತ್ತದೆ ಎಂದು ಅವರು ಆಡಿಕೊಳ್ಳುವುದು ಕಿವಿಗೆ ಬಿದ್ದಾಗ ನಾನು ಅದನ್ನು ಹೊಗಳಿಕೆ ಎಂದೇ ಎಣಿಸಿದ್ದೆ.

ವೇಣಿ ಅರ್ಧಕ್ಕಿಂತ ಹೆಚ್ಚು ಬಾಟಲಿಗಳನ್ನು ವರ್ಗಾಯಿಸಿ ಆಗಿತ್ತು. ತೆಗೆದ ಚೀಟಿಗಳನ್ನು ಒಣಗಿಸಿ, ಬಾಟಲಿಯ ಸಂಖ್ಯೆಯ ಪ್ರಕಾರ ಜೋಡಿಸಿ ಲಕೋಟೆಯಲ್ಲಿ ಇಟ್ಟಿದ್ದಳು. ಅವನ್ನೆಲ್ಲ ಪಟ್ಟಿಯಾಗಿ ಬೆರಳಚ್ಚು ಮಾಡಬೇಕು, ಆ ಪಟ್ಟಿಯಿಂದ ಹೊಸ ಚೀಟಿಗಳಾಗಬೇಕು. ಒಂದು ದಿನ ಸುಶೀಲಾ ನನ್ನ ಮೇಲೆ ಹರಿಹಾಯ್ದಳು: "ಪಾಪ, ಆ ಹುಡುಗಿ ಆಫೀಸಿನ್ಯಾಗೂ ಬರಿಯಾಕತ್ತಾಳ, ಮನ್ಯಾಗೂ ಬರಿಯಾಕತ್ತಾಳ. ನೀವು ರಜಾ ದಿನ ಸುಮ್ನ ಕುಂತು ಹಳೀ ಪೇಪರಿನ್ಯಾಗ ತಪ್ಪು ಹುಡಕ್ತೀರಿ. ಮಾಡಿ ಕೊಡ್ರಲ್ಲ!" ಮನೆಯಲ್ಲಿ ಕಂಪ್ಯೂಟರ್ ಇತ್ತು, ನನ್ನ ಬೆರಳಿಗೆ ವೇಗವಿತ್ತು. ಕೇಳಿದೊಡನೆ ವೇಣಿಯ ಮುಖ ಅರಳಿತು. ಲಕೋಟೆ ಕೊಡುತ್ತ, "ಇದರಲ್ಲಿ ಇದ್ದದ್ದು ಇದ್ದ ಹಾಗೆ ಹೊಡೆದು ಕೊಡಿ ಕಾಕಾ" ಎಂದಳು. "ಪೇಪರಿನವರು ಮಾಡಿದ್ದು ಅಂದ್ಮೇಲೆ ನಾನು ಮತ್ತೆ ನೋಡೂದೇ ಬೇಡ."

ಆ ಚೀಟಿಗಳನ್ನು ಈಗಲೂ ಕಣ್ಣಮುಂದೆ ತಂದುಕೊಳ್ಳಬಲ್ಲೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನ ದೊಡ್ಡ ದೊಡ್ಡ ಅಕ್ಷರ. ತಾರೀಖು, ಜಾಗ, ಅಲ್ಲಿ ಕಡಲು ಎಷ್ಟು ಮಾರು ಆಳ. ಇಷ್ಟು ಸರಿ. ಅದಾದ ಮೇಲೆ ಆತ ನಿಲ್ಲಿಸುತ್ತಿರಲಿಲ್ಲ. ಒಂದರಲ್ಲಿ ಕತ್ತಲು, ನೀರು ತಣ್ಣಗೆ. ಇನ್ನೊಂದರಲ್ಲಿ ಬೆಳಕು, ನೀರು ಹಸಿರು, ನಾತ. ಮತ್ತೊಂದರಲ್ಲಿ ಹೊಳೆನೀರು ಕೆಂಪಗೆ, ಬಾಯಿಗೆ ಉಪ್ಪು ಸಾಲದು. ನನ್ನ ಕಣ್ಣಿಗೆ ಇವು ಏನಾಗಿ ಕಂಡವು ಎಂದು ಹೇಳಬೇಕೇ? ಕಡಲನ್ನು ಪ್ರೀತಿಸುವ ಮನುಷ್ಯನೊಬ್ಬ ಸಂಖ್ಯೆಯ ಪಕ್ಕ ಕಟ್ಟಿದ ಸಣ್ಣ ಬಣ್ಣ. ಸೊಗಸಾದ ಬಣ್ಣ, ಆದರೆ ಬಣ್ಣವೇ. ಕಂಡದ್ದು ಇಟ್ಟೆ, ಅನಿಸಿದ್ದು ತೆಗೆದೆ. ಸಂಖ್ಯೆ, ತಾರೀಖು, ಜಾಗ, ಆಳ ಎಂಬ ನಾಲ್ಕು ಕಂಬಗಳ ಪಟ್ಟಿ ಒಂದು ಮಧ್ಯಾಹ್ನದೊಳಗೆ ಸಿದ್ಧವಾಯಿತು. ಒಂದು ಸಾಲೂ ಅಂಚು ಮೀರದ, ನೋಡಿದರೆ ಕಣ್ಣು ತಂಪಾಗುವ ಪಟ್ಟಿ. ಪುಟ ಮುಗಿದ ಮೇಲೆ ಮೂಲಪ್ರತಿ ಬುಟ್ಟಿಗೆ ಹೋಗುವುದು ಡೆಸ್ಕಿನ ಪದ್ಧತಿ. ಕೈ ತನ್ನಷ್ಟಕ್ಕೆ ಆ ಕೆಲಸವನ್ನೂ ಮಾಡಿತು. ಲಕೋಟೆ ಹಳೆಯ ಪತ್ರಿಕೆಗಳ ಕಟ್ಟಿನೊಳಗೆ ಸೇರಿತು. ಮುಂದಿನ ಭಾನುವಾರ ಗಲ್ಲಿಯಲ್ಲಿ ತೆಲುಗಿನಲ್ಲಿ "ಪಾತ ಪೇಪರ್" ಎಂದು ಹಳೆ ಪೇಪರಿಗೆ ಕೂಗುತ್ತ ಬಂದ ತಳ್ಳುಗಾಡಿಯವನಿಗೆ ಸುಶೀಲಾ ಆ ಕಟ್ಟನ್ನು ಕೊಟ್ಟಳು.

ಎರಡು ತಿಂಗಳು ಏನೂ ಆಗಲಿಲ್ಲ. ವೇಣಿ ಕಚೇರಿಯಲ್ಲಿ ಒಂದೊಂದೇ ಬಾಟಲಿಯ ಜೀವಿಗಳನ್ನು ಜಾತಿವಾರು ಎಣಿಸಿದಳು, ಲೆಕ್ಕವನ್ನು ನನ್ನ ಪಟ್ಟಿಯ ಪಕ್ಕ ಬರೆಯುತ್ತ ಹೋದಳು. ಆಮೇಲೆ ಒಂದು ಸಂಜೆ, ಕಚೇರಿಯಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ನಮ್ಮ ಬಾಗಿಲಲ್ಲಿ ನಿಂತಳು. ಅವಳ ಕೆಲಸ ನೋಡುವ ವಿಶಾಖಪಟ್ಟಣದ ಮೇಡಂ ಎರಡು ಸಾಲುಗಳ ಮೇಲೆ ಬೆರಳಿಟ್ಟು, "ಕಾರಣಂ ಏದಮ್ಮಾ?" ಎಂದು ಕೇಳಿದ್ದರಂತೆ. ಒಂದೇ ತಾರೀಖು, ಒಂದೇ ಜಾಗ, ಒಂದೇ ಆಳ. ಒಂದು ಬಾಟಲಿಯಲ್ಲಿ ದಾರದ ಸೀಗಡಿ ಕಿಕ್ಕಿರಿದಿದೆ, ಇನ್ನೊಂದರಲ್ಲಿ ಹುಡುಕಿದರೂ ಇಲ್ಲ. ಕಾರಣವೆಲ್ಲಿ?

"ಅಪ್ಪ ಚೀಟಿ ಮೇಲೆ ಬರೀತಿದ್ದ, ಕತ್ತಲು, ಬೆಳಕು ಅಂತ. ಪಟ್ಟಿಯಲ್ಲಿ ಆ ಕಂಬ ಮುಂದಿನ ಹಾಳೆಯಲ್ಲಿ ಇರಬಹುದು ಅಂದ್ಕೊಂಡಿದ್ದೆ. ಇಲ್ಲ. ಚೀಟಿ ಒಮ್ಮೆ ಕೊಡಿ ಕಾಕಾ, ನೋಡಿ ಸೇರಿಸ್ತೇನೆ."

ಹೇಳಿದೆ. ಏನು ತೆಗೆದೆ, ಏಕೆ ತೆಗೆದೆ, ಚೀಟಿ ಎಲ್ಲಿ ಹೋಯಿತು, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಸುದ್ದಿ ಹೇಳುವುದೊಂದನ್ನೇ ಕಲಿತವನು ಹಾಗಲ್ಲದೆ ಇನ್ನು ಹೇಗೆ ಹೇಳಿಯಾನು? ವೇಣಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳಿದಳು. ಒಳಗಿನಿಂದ ಸುಶೀಲಾ ಬಂದವಳು ನನ್ನನ್ನು ನೋಡಿ ಅವಳನ್ನು ನೋಡಿ, "ನಿಮ್ಮ ಕತ್ರಿ ಮನಿಗೂ ತಂದ್ರಿ, ಹೌದಿಲ್ಲೋ" ಎಂದಳು. ಗಟ್ಟಿಯಾಗಿ ಬೈದಿದ್ದರೆ ಹಗುರಾಗುತ್ತಿತ್ತು.

ಈಗ ನೋಡಿ ಅದರ ಭಾರ. ಪುರುಸಣ್ಣನಿಗೆ ಮಗಳು ಕೊಟ್ಟಿದ್ದ ಉಷ್ಣಮಾಪಕ ಎರಡನೇ ಸಲವೇ ದೋಣಿಯ ಅಂಚಿಗೆ ಬಡಿದು ಒಡೆದಿತ್ತು. ಅಂದಿನಿಂದ ಆತ ಮೊಣಕೈವರೆಗೆ ತೋಳನ್ನು ನೀರಿಗೆ ಇಳಿಸಿ ನೋಡಿ ಬರೆಯುತ್ತಿದ್ದ. ನಾಲಿಗೆಗೆ ಹಚ್ಚಿ ಉಪ್ಪು ನೋಡುತ್ತಿದ್ದ. ಮಳೆಗಾಲದ ಮೋಡ ಕವಿದ ಆ ದಿನಗಳಲ್ಲಿ ಉಪಗ್ರಹಕ್ಕೆ ದಂಡೆಯಂಚಿನ ಕಡಲು ಕಂಡಿರಲಿಲ್ಲ. ಅಷ್ಟು ಎತ್ತರದ ಕಣ್ಣಿಗೆ ಕಾಣದ್ದಕ್ಕೆ ಇದ್ದ ಒಂದೇ ಸಾಕ್ಷಿ ಒಬ್ಬ ಮುದುಕನ ತೋಳು. ಕತ್ತಲು, ತಣ್ಣಗೆ, ಹಸಿರು, ನಾತ, ಉಪ್ಪು ಸಾಲದು. ನಾನು ಅಲಂಕಾರವೆಂದು ಕತ್ತರಿಸಿದ ಐದೂ ಮಾತು ವೇಣಿಯ ವರದಿಯ ಐದು ಅಧ್ಯಾಯಗಳಾಗಿದ್ದವು. ಯಾವ ನೀರಿನಲ್ಲಿ ಯಾವ ಜೀವಿ ಎಂಬುದೇ ಪ್ರಶ್ನೆಯಾಗಿರುವಾಗ ನಾನು ಜೀವಿಗಳನ್ನು ಉಳಿಸಿ ನೀರನ್ನು ಚೆಲ್ಲಿದ್ದೆ.

ಮರುದಿನ ನಾವಿಬ್ಬರೂ ಹಳೆ ಪೇಪರಿನ ಅಂಗಡಿ ಹುಡುಕಿಕೊಂಡು ಹೋದೆವು. ಕಟ್ಟುಗಳ ಬೆಟ್ಟದ ಮುಂದೆ ಕೂತಿದ್ದ ಅಂಗಡಿಯವನು ನಮ್ಮ ಮಾತು ಕೇಳಿ ಮರುಕದಿಂದಲೇ, "ದೋ ಮಹೀನೇ ಕಾ ಮಾಲ್ ಕಬ್‌ಕಾ ಮಿಲ್ ಕೋ ಗಯಾ ಸಾಬ್. ನಕ್ಕೋ ಢೂಂಢೋ" ಎಂದ. ನಮ್ಮ ಕಟ್ಟು ಎಂದೋ ಕಾಗದದ ಗಿರಣಿ ಸೇರಿತ್ತು. ಹುಡುಕಬೇಡಿ ಎಂಬ ಆ "ನಕ್ಕೋ" ಶಬ್ದ ಈ ಊರಿನ ಬಾಯಲ್ಲಿ ಎಷ್ಟು ಮೆತ್ತಗಿದ್ದರೂ ಅಂದು ಮೆತ್ತಗೆ ಕೇಳಿಸಲಿಲ್ಲ.

ಉಳಿದದ್ದು ಒಂದು ದಾರಿ. ಬಂದರಿನ ಚಹಾ ಅಂಗಡಿಗೆ ಫೋನು ಮಾಡಿ ಪುರುಸಣ್ಣನನ್ನು ಕರೆಸಿದೆವು. ಮಾತಾಡಿದ್ದು ನಾನೇ, ತಪ್ಪು ಮಾಡಿದವನೇ ಕೇಳಬೇಕೆಂದು ನನ್ನ ಹಟ. ಕ್ಷಮೆ ಕೇಳಿ, ತಾರೀಖುಗಳನ್ನು ಒಂದೊಂದಾಗಿ ಓದುತ್ತೇನೆ, ಆ ದಿನ ನೀರು ಹೇಗಿತ್ತು ನೆನಪು ಮಾಡಿಕೊಂಡು ಹೇಳುತ್ತೀರಾ ಎಂದೆ.

"ಹೇಳ್ಬಹುದಿತ್ತು ಮಾರಾಯ್ರೆ" ಎಂದ. "ಸುಮಾರು ನೆನಪೂ ಅದೆ. ಆದ್ರೆ ಅವತ್ತು ಕೈ ಹಾಕಿ ಕಂಡದ್ದು ಬರದೆ. ಇವತ್ತು ಕೂತು ಹೇಳೂಕೆ ಹೋದ್ರೆ ಅದು ಸಮುದ್ರ ಆಗೂದಿಲ್ಲ, ನನ್ನ ತಲೆ ಆಗ್ತದೆ. ಬೇಡ. ಮಗಳಿಗೆ ಹೇಳಿ, ಬಲೆ ಹರೀಲಿಲ್ಲ, ದೋಣಿ ಮುಳುಗಲಿಲ್ಲ, ಮತ್ತೆ ಎಳೆಯೂಕಾಗ್ತದೆ."

ಕಂಡದ್ದು ಇಡು, ಅನಿಸಿದ್ದು ತೆಗೆ. ನನ್ನ ಧರ್ಮವನ್ನೇ ಆ ಮನುಷ್ಯ ನನಗೆ ತಿರುಗಿ ಹೇಳಿದ್ದ, ನನಗಿಂತ ಚೆನ್ನಾಗಿ ತಿಳಿದುಕೊಂಡು. ತೋಳಿಗೆ ತಾಕಿದ್ದೂ ಕಂಡದ್ದೇ ಎಂದು ಅಷ್ಟು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ.

ಇನ್ನೂ ಒಂದು ನಾಚಿಕೆಯ ಸಂಗತಿಯನ್ನು ಬರೆದುಬಿಡುತ್ತೇನೆ. ಆ ವಾರವೇ ನಾನು ವೇಣಿಗೆ ಒಂದು ಉಪಾಯ ಹೇಳಿಕೊಟ್ಟೆ. ದಾರದ ಸೀಗಡಿ ಕತ್ತಲಲ್ಲಿ ತಾನೇ ಮೇಲೆ ಬರುವುದು? ಅದು ಕಿಕ್ಕಿರಿದ ಬಾಟಲಿಗೆ ಕತ್ತಲು ಎಂದು, ಇಲ್ಲದ್ದಕ್ಕೆ ಬೆಳಕು ಎಂದು ಬರೆದರಾಯಿತು. ಅವಳು ಒಪ್ಪಲಿಲ್ಲ. "ಆರೋಪಿ ಕೈಲೇ ತೀರ್ಪು ಬರೆಸಿದ ಹಾಗಾಯ್ತಲ್ಲ ಕಾಕಾ. ನಿಮ್ಮ ಪೇಪರಿನಲ್ಲಿ ಯಾರಾದ್ರೂ ಹೀಗೆ ಮಾಡಿದ್ರೆ ಬಿಡ್ತೀರಾ?" ಬಿಡುತ್ತಿರಲಿಲ್ಲ. ಪಟ್ಟಿಯ ಸಾಲುಗಳ ಮೇಲೆ ಅವಳೇ ಅಡ್ಡಗೆರೆ ಎಳೆದಳು. ಚೀಟಿ ಒಳಗೇ ಉಳಿದಿದ್ದ ಮಿಕ್ಕ ಬಾಟಲಿಗಳನ್ನಷ್ಟೇ ಇಟ್ಟುಕೊಂಡು ವರದಿ ಬರೆದಳು, ಬಿಟ್ಟವುಗಳ ಬಗ್ಗೆ ಮೂಲ ಟಿಪ್ಪಣಿ ಕಳೆದುಹೋಗಿದೆ ಎಂದು ಒಂದು ಸಾಲು ಸೇರಿಸಿದಳು. ಕಳೆದವರು ಯಾರೆಂದು ಬರೆಯಲಿಲ್ಲ. ಪತ್ರಿಕೆಯಲ್ಲಿ ಬೇರೆಯವರ ತಪ್ಪಿಗೆ ಸಣ್ಣ ಅಕ್ಷರದ ತಿದ್ದುಪಡಿಗಳನ್ನು ಲೆಕ್ಕವಿಲ್ಲದಷ್ಟು ಹಾಕಿಸಿದ ನನ್ನ ಹೆಸರಿಗೆ ಅಂಥದೊಂದು ತಿದ್ದುಪಡಿ ಬೀಳಲಿಲ್ಲ. ಈ ಬರಹ ತಡವಾಗಿ ಅದರ ಜಾಗದಲ್ಲಿದೆ.

ಬಾಟಲಿಗಳ ಸಂಖ್ಯೆ ಸಾಲದೆಂದು ವರದಿ ಒಪ್ಪಿಗೆಯಾಗಲಿಲ್ಲ. ಗುತ್ತಿಗೆ ಮುಗಿಯಿತು. ಹೊರಡುವ ಹಿಂದಿನ ದಿನ ಅವಳು ಮೂಲೆಯ ಬೋರ್ಡಿನ ಕೆಳಗೆ ನಿಂತು ಅದನ್ನು ಓದುತ್ತಿದ್ದುದನ್ನು ಕಂಡೆ. ಅಣ್ಣನಿಗೆ ಕೊಟ್ಟ ಮಾತನ್ನು ನನ್ನಿಂದಾಗಿ ಅವಳು ನಡೆಸಬೇಕಾಯಿತಲ್ಲ ಎಂದು ಹತ್ತಿರ ಹೋದೆ. "ಅಲ್ಲಿ ಒಂದು ಅಕ್ಷರ ಉದುರಿದೆ ಕಾಕಾ, ನೋಡ್ತಿದ್ದೆ" ಎಂದಳು. ಆಮೇಲೆ, "ಅಣ್ಣನಿಗೆ ಬೇರೆ ಮಾತು ಕೊಡ್ತೇನೆ. ಮಳೆ ಶುರುವಾಗೂದರ ಒಳಗೆ ಬಲೆಗೆ ತೇಪೆ ಹಾಕ್ಬೇಕು." ಎಲ್ಲರೂ ಈ ಊರಿಗೆ ಬಂದಿಳಿಯುತ್ತಿದ್ದ ಬಸ್ ಸ್ಟ್ಯಾಂಡಿನಲ್ಲಿ ಅವಳೊಬ್ಬಳು ಖಾಲಿ ಥರ್ಮೊಕೋಲ್ ಪೆಟ್ಟಿಗೆಗಳೊಂದಿಗೆ ಬಸ್ ಹತ್ತಿದಳು. ಹರಿವಿನ ಎದುರು ಈಜುವುದು ಆಗದ ಮಾತು ಎಂದು ಹೇಳಿಕೊಟ್ಟಿದ್ದವಳು ಅವಳೇ. ಆಳ ಬದಲಿಸಿಕೊಂಡಳು ಎನ್ನೋಣವೇ? ಹೋಲಿಸಬೇಡಿ ಎಂದಿದ್ದಳು, ಹೋಲಿಸುವುದಿಲ್ಲ.

ಅವಳು ಹೋದ ಮೇಲೆ, ಗೆರೆ ಎಳೆಯುವ ಮೊದಲು ಎರಡು ಸಲ ಓದುವ ಒಂದು ಅಭ್ಯಾಸ ನನಗೆ ಹತ್ತಿತು, ಅಥವಾ ಒಂದು ಅಭ್ಯಾಸ ಬಿಟ್ಟಿತು. ಕಚೇರಿಯ ಗ್ರಂಥಾಲಯದಲ್ಲಿ ಆ ವರ್ಷಗಳ ನಮ್ಮ ಪುಟಗಳನ್ನು ತಿರುವಿದಾಗ ಎಲ್ಲವೂ ಇದ್ದವು: ಎಕರೆ, ಕುರ್ಚಿ, ತಾರೀಖು. ನೀರು ಇರಲಿಲ್ಲ. ಹೊಸ ತಂತಿ ಹುಗಿಯಲು ಬಗೆದ ಬೀದಿಗಳಿಂದ ಏಳುತ್ತಿದ್ದ ಹಸಿಮಣ್ಣಿನ ಗಾಳಿ, ಚಿಲ್ಲರೆ ಎಣಿಸುತ್ತ ಸಂಜೆಯಿಡೀ ಒಂದೇ ಚಹಾದ ಮೇಲೆ ಕೂರಬಿಡುತ್ತಿದ್ದ ಇರಾನಿ ಹೋಟೆಲಿನವನು ಮೊದಲ ಸಲ "ಔರ್ ಕುಛ್?", ಇನ್ನೇನು ಬೇಕು, ಎಂದು ಕೇಳಿದ ದಿನ, ಉಪ್ಪಲ್ ಕಡೆಯ ಬಂಡೆಗಳನ್ನು ಸಿಡಿಸುವಾಗ ಅಡುಗೆಮನೆಯ ಸ್ಟೀಲ್ ಡಬ್ಬಿಗಳು ಎಬ್ಬಿಸುತ್ತಿದ್ದ ಸಣ್ಣ ಝಣಝಣ ಸದ್ದು, ಪತ್ರಿಕೆ ಹೊದ್ದ ಕಿಟಕಿಯ ಹಿಂದೆ ಮಧ್ಯಾಹ್ನ ಯಾರೋ ಹುಡುಗ ತಾಯಿಗೆ ಫೋನಿನಲ್ಲಿ "ಊಟ ಆಯ್ತಮ್ಮ, ಈಗ ಮಲಗ್ತೀನಿ" ಎನ್ನುತ್ತಿದ್ದುದು. ಯಾವುದೋ ಬಿಸಿ ಏರಿತ್ತು, ಯಾವುದೋ ಉಪ್ಪು ಕಡಿಮೆಯಾಗಿತ್ತು, ಅದಕ್ಕೆ ತಕ್ಕಂತೆ ಕೆಲವರು ಮೆರೆದರು, ಕೆಲವರು ಸರಿದರು. ಬಂದವರನ್ನೂ ಹೋದವರನ್ನೂ ನಾವು ಎಣಿಸಿದ್ದೆವು. ಕಾರಣಂ ಏದಮ್ಮಾ ಎಂದು ಈಗ ಯಾರಾದರೂ ಆ ಪುಟಗಳ ಮೇಲೆ ಬೆರಳಿಟ್ಟರೆ ನನ್ನ ಬಳಿ ಚೀಟಿಯಿಲ್ಲ. ಮೇಲೆ ನಾನು ಬರೆದದ್ದೂ ನಿಜಕ್ಕೆ ನಗರವಲ್ಲ, ನನ್ನ ತಲೆ.

ವೇಣಿ ಮತ್ತೆರಡು ವರ್ಷ ಅಪ್ಪನ ದೋಣಿಯಲ್ಲೇ ಹೋಗಿ ಹೊಸದಾಗಿ ಬಾಟಲಿ ತುಂಬಿದಳು, ಕರಾವಳಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತ ಕೆಲಸ ಮುಗಿಸಿದಳು. ಅದು ಒಪ್ಪಿಗೆಯಾದ ಮೇಲೆ ಸಮುದ್ರದ ಕಚೇರಿಯವರೇ ಅದರ ಬಗ್ಗೆ ಮಾತಾಡಲು ಅವಳನ್ನು ಕರೆಸಿದ್ದರು. ಆಗ ಶಂಶಾಬಾದಿನ ವಿಮಾನ ನಿಲ್ದಾಣದಿಂದ ನೇರ ನಮ್ಮ ಮನೆಗೆ ಬಂದು ಚೀಲದಿಂದ ಪೇಢೆಯ ಪೊಟ್ಟಣ ತೆಗೆದು ಸುಶೀಲಾಗೆ ಕೊಟ್ಟಳು. ನನ್ನ ಕೈಗೆ ಒಂದು ಚಿತ್ರವನ್ನೋ ಪುಸ್ತಕವನ್ನೋ ಕೊಡುತ್ತಾಳೆಂದು ಕೈ ಚಾಚಿದೆ. "ವಿಮಾನದಲ್ಲಿ ಬಿಡೂದಿಲ್ಲ ಕಾಕಾ, ನಿಮ್ಮದು ಬಸ್ಸಿನಲ್ಲಿ ಬರ್ತದೆ" ಎಂದಳು. ಎರಡು ದಿನ ಬಿಟ್ಟು, ಕಾರವಾರದ ಬಸ್ಸಿನಲ್ಲಿ ಬಂದ ಪರಿಚಯದವರೊಬ್ಬರು ಮೀನಿನ ಪೆಟ್ಟಿಗೆಯೊಳಗೆ ಹುಲ್ಲಿನಲ್ಲಿ ಸುತ್ತಿದ ಈ ಬಾಟಲಿಯನ್ನು ತಂದುಕೊಟ್ಟರು. ಎರಡನೇ ಸರದಿಯಲ್ಲಿ ಅಪ್ಪ ಮಗಳು ತುಂಬಿದ ಮೊದಲ ದಿನದ ಬಾಟಲಿ. ಎಣಿಸಿ ಮುಗಿದ ಮೇಲೆ ಮರಳಿ ಮೇಣ ಹಚ್ಚಿದ್ದು.

ಅಕ್ಷರ ಅದೇ, ದೊಡ್ಡದು, ಸ್ವಲ್ಪ ನಡುಗಿದೆ. ಕೂರ್ಮಗಡದ ಎದುರು, ಎಂಟು ಮಾರು, ಕತ್ತಲು, ನೀರು ತಣ್ಣಗೆ, ಹಸಿರು, ಮೊಣಕೈ ಜುಮ್ ಅಂತು. ಡೆಸ್ಕಿನಲ್ಲಿ ನನ್ನ ಕೈಗೆ ಸಿಕ್ಕಿದ್ದರೆ ಎಂಟು ಮಾರಿಗೆ ಪೂರ್ಣವಿರಾಮ ಹಾಕುತ್ತಿದ್ದೆ.

ಇಂದು ಬೆಳಿಗ್ಗೆ ಮೇಜು ಒರೆಸುವಾಗ ಸುಶೀಲಾ ಬಾಟಲಿಯನ್ನು ಎತ್ತಿ ಇಟ್ಟಳು. ಗಸಿ ಎದ್ದು, ಒಂದು ಗಳಿಗೆ ಒಳಗೆಲ್ಲ ಮಂಜು ಕವಿದಂತಾಗಿ, ಮತ್ತೆ ಮೆಲ್ಲಗೆ ಇಳಿಯತೊಡಗಿತು. ಅದು ಪೂರ್ತಿ ಇಳಿಯುವವರೆಗೆ ನೋಡುತ್ತ ಕೂತಿದ್ದೆ. ಎದ್ದು ಹೋಗಿ ಬಚ್ಚಲಿನ ನಲ್ಲಿಯ ಕೆಳಗೆ ಮೊಣಕೈವರೆಗೆ ತೋಳು ಒಡ್ಡಿದೆ, ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿದೆ.

"ಏನ್ ಮಾಡಾಕತ್ತೀರ್ರೀ ಅಲ್ಲಿ?" ಎಂದು ಅವಳು ಕೂಗಿದಳು.

ಕೈ ಒರೆಸಿಕೊಂಡು ಬಂದು, ಒಂದು ಚೂರು ಕಾಗದ ಹರಿದು, ಪೆನ್ಸಿಲಿನಲ್ಲಿ ತಾರೀಖು ಹಾಕಿ ಬರೆದೆ: ದಿಲ್‌ಸುಖ್‌ನಗರ. ಬೆಳಕು. ನೀರು ಬೆಚ್ಚಗೆ, ಬಾಯಿಗೆ ಸ್ವಲ್ಪ ಸುಣ್ಣ.